ಕಲ್ಲು ಕುದಿಸಿದ ಭಾನುವಾರ

ನನ್ನ ಮನೆಗೆ ಅಡುಗೆಗೆ ಬರುತ್ತಿದ್ದ ಅಕ್ಕ ನನ್ನ ಅಡುಗೆಮನೆಯಲ್ಲೇ ಸಾಯುವುದರಲ್ಲಿದ್ದಳು. ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಗೆ ಹೇಳಲು ಹೋದರೂ ನಡುವೆ ತಡೆದು "ಬದುಕಿದಳಾ?" ಎಂದು ಕೇಳುತ್ತಾರೆ. ಬದುಕಿದ್ದಾಳೆ ಎಂದ ತಕ್ಷಣ ಅವರಿಗೆ ಸಮಾಧಾನವಾಗುತ್ತದೆ, ಮುಂದಿನ ಮಾತಿಗೆ ಕಿವಿ ಇರುವುದಿಲ್ಲ. ನನಗೆ ಹೇಳಬೇಕಾದದ್ದು ಆ ಮುಂದಿನದೇ.

ಪುಣೆಗೆ ಬಂದು ಹದಿನಾರು ವರ್ಷವಾಯಿತು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೋಹ ಪರೀಕ್ಷೆಯ ಲ್ಯಾಬ್ ನನ್ನದು. ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್‌ಸಿ. ಮಾಡಿದವಳು. ಮದುವೆ ಆಗಲಿಲ್ಲ, ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಅವ್ವ ನನ್ನ ಜೊತೆಗಿದ್ದಳು, ಎರಡು ವರ್ಷದ ಹಿಂದೆ ತೀರಿಕೊಂಡಳು. ಆಮೇಲೆ ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ನಾನು ಮಾತಾಡುವುದೇ ನಿಂತುಹೋಯಿತು. ಕೆಲಸದಲ್ಲಿ ಮರಾಠಿ, ಫೋನಿನಲ್ಲಿ ಹಿಂದಿ. ಕನ್ನಡ ಅನ್ನುವುದು ಬೆಳಗ್ಗೆ ಏಳರಿಂದ ಎಂಟೂವರೆಯವರೆಗೆ, ಅಕ್ಕ ಇರುವಷ್ಟು ಹೊತ್ತು ಮಾತ್ರ.

ಅಕ್ಕ ಯಾದಗಿರಿ ಕಡೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಗಂಡ ಗೌಂಡಿ. ಪುಣೆಯ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ಗೋಡೆ ಕಟ್ಟುತ್ತ ಇಪ್ಪತ್ತು ವರ್ಷ ಕಳೆದವನು. ಮೊದಮೊದಲು ಅಕ್ಕ ನನ್ನನ್ನು "ಬಾಯಾರ" ಎನ್ನುತ್ತಿದ್ದಳು. ಅವ್ವ ಹೋದ ಮೂರನೇ ದಿನ ಬಂದವಳು ಬಾಗಿಲಲ್ಲೇ ನಿಂತು, "ತಂಗಿ, ಉಂಡೀಯೇನು?" ಎಂದಳು. ಅಂದಿನಿಂದ ತಂಗಿಯೇ ಆದೆ.

ಉಪ್ಪುನೀರಿನ ಮೀನಿನ ತೊಟ್ಟಿ ನನ್ನದಲ್ಲ. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವರಿಗೆ ಚೆನ್ನೈಗೆ ವರ್ಗವಾಯಿತು. ಮೂರು ಅಡಿ ಉದ್ದದ ಗಾಜಿನ ತೊಟ್ಟಿ, ಅದರ ಪಂಪು, ನೀಲಿ ದೀಪ, ಸಮುದ್ರದ ಕಲ್ಲುಗಳು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಇಷ್ಟನ್ನೂ ಸಾಗಿಸಲಾರದೆ ಅವರು ಒದ್ದಾಡುತ್ತಿದ್ದರು. ನಾನು ತೆಗೆದುಕೊಳ್ಳುತ್ತೇನೆ ಎಂದುಬಿಟ್ಟೆ. ಸಮುದ್ರದ ಮೇಲೆ ಪ್ರೀತಿ ಇತ್ತು ಅಂತಲ್ಲ, ನಾನು ಸಮುದ್ರ ನೋಡಿದ್ದೇ ಎರಡು ಸಲ. ಕೆಲಸದಿಂದ ಬಂದು ಬಾಗಿಲು ತೆಗೆದಾಗ ಒಳಗೆ ಏನಾದರೂ ಅಲುಗಾಡುತ್ತಿರಲಿ ಅನ್ನಿಸಿತ್ತು, ಅಷ್ಟೇ.

ಅಕ್ಕ ಮೊದಲ ದಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ತಿನ್ನೂದಿಲ್ಲಾ?"

"ಇಲ್ರಿ ಅಕ್ಕಾ, ನೋಡಾಕ."

"ನೋಡಾಕ!" ಎಂದು ನಕ್ಕಳು. "ನಮ್ಮ ಕಡಿ ನೀರಿಲ್ಲಂತ ಬಾವಿ ತೋಡ್ತಾರ. ನೀ ಮನ್ಯಾಗ ಸಮುದ್ರ ಇಟ್ಟಿ. ಅದರಾಗ ಮತ್ತ ನೀನ ಉಪ್ಪು ಹಾಕ್ತಿ."

ಉಪ್ಪು ಹಾಕುವುದು ನಿಜ. ಶುದ್ಧ ನೀರಿಗೆ ಪೊಟ್ಟಣದ ಸಮುದ್ರದ ಉಪ್ಪು ಕಲಸಿ, ಉಪ್ಪಿನಂಶ ಅಳೆದು, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಬೇಕು. ಅಳೆಯುವ ಕೆಲಸ ನನಗೆ ಒಗ್ಗಿದ್ದೇ. ನಿಧಾನವಾಗಿ ತೊಟ್ಟಿ ನನ್ನದಾಯಿತು. ದೊಡ್ಡದೊಂದು ಕಲ್ಲಿನ ಮೇಲೆ ಹಸಿರು ಗುಂಡಿಗಳ ಹಾಗೆ ಒತ್ತೊತ್ತಾಗಿ ಹರಡಿದ ಹವಳದ ಜಾತಿಯ ಹೂವುಗಳಿದ್ದವು. ದೀಪ ಹತ್ತಿದೊಡನೆ ಅರಳುತ್ತಿದ್ದವು, ಆರಿಸಿದರೆ ಮುಚ್ಚಿಕೊಳ್ಳುತ್ತಿದ್ದವು. ಅಕ್ಕನಿಗೆ ಅವು ಬಹಳ ಇಷ್ಟ. "ಅಂಗಿ ಗುಂಡಿ ಹೊಲಿದಂಗ ಚಂದ ಅದಾವ ನೋಡು" ಎನ್ನುತ್ತಿದ್ದಳು. ಚೆನ್ನೈಗೆ ಹೋದವರು ಬರೆದುಕೊಟ್ಟ ಚೀಟಿಯಲ್ಲಿ ಅವುಗಳ ಬಗ್ಗೆ ಒಂದೇ ಸಾಲು ಇತ್ತು: ಗಟ್ಟಿ ಜಾತಿ, ಸುಲಭವಾಗಿ ಸಾಯುವುದಿಲ್ಲ.

ಮಳೆಗಾಲದ ಕೊನೆಯಲ್ಲಿ ಅದೇ ಕಲ್ಲಿನ ಒಂದು ಸಂದಿಯಲ್ಲಿ ಹೊಸದೇನೋ ಕಂಡಿತು. ಚಹಾದ ಬಣ್ಣದ, ಬೆಳಕು ಹಾಯುವಂಥ ತೆಳ್ಳನೆ ದಂಟು. ತುದಿಯಲ್ಲಿ ಸುತ್ತಲೂ ಚಾಚಿಕೊಂಡ ಎಳೆಗಳು. ಬೆರಳಿನ ಉಗುರಿನಷ್ಟು ಎತ್ತರದ ಈಚಲ ಗಿಡ ಅನ್ನಿ. ನನಗೆ ಹಿಗ್ಗಾಯಿತು. ನನ್ನ ಕೈಯಲ್ಲಿ ಏನೋ ಹುಟ್ಟಿದೆ ಅಂದುಕೊಂಡೆ. ಫೋಟೋ ತೆಗೆದು ಚೆನ್ನೈಗೆ ಕಳಿಸಿದೆ. ತಕ್ಷಣ ಉತ್ತರ ಬಂತು: ಅದು ಐಪ್ಟೇಸಿಯಾ ಅನ್ನುವ ಅನೆಮೊನಿ, ಹೂವಿನಂಥ ಸಮುದ್ರಜೀವಿ. ಕಳೆ. ಕಡ್ಡಿಯಿಂದ ಮುಟ್ಟಿ ನೋಡಿ, ಸರಕ್ಕನೆ ತೂತಿನೊಳಗೆ ಎಳೆದುಕೊಂಡರೆ ಅದೇ. ಪಕ್ಕದ ಹವಳವನ್ನೆಲ್ಲ ಕುಟುಕಿ ಸಾಯಿಸುತ್ತದೆ, ಬೇಗ ತೆಗೆಯಿರಿ.

ಕಡ್ಡಿಯಿಂದ ಮುಟ್ಟಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಇರಲೇ ಇಲ್ಲ.

ಹೇಗೆ ತೆಗೆಯಬೇಕು ಅನ್ನುವುದನ್ನು ಕೇಳುವ ತಾಳ್ಮೆ ನನಗಿರಲಿಲ್ಲ. ಚಾಕುವಿನಿಂದ ಕೆರೆದೆ. ಹತ್ತು ಹನ್ನೆರಡು ದಿನಕ್ಕೆ ಒಂದಿದ್ದದ್ದು ಎಂಟಾಯಿತು. ಕೆರೆದಾಗ ಉದುರಿದ ಚೂರುಗಳೆಲ್ಲ ಬೇರೆ ಬೇರೆ ಕಡೆ ಹೋಗಿ ಅಂಟಿಕೊಂಡು ಒಂದೊಂದೂ ಇಡಿಯಾಗಿ ಬೆಳೆದಿದ್ದವು. ಅಕ್ಕನಿಗೆ ತೋರಿಸಿದೆ.

"ಇದು ಕರಕಿ ಇದ್ದಂಗದ ಅಲ್ಲೇನು?" ಎಂದಳು. ಹೊಲದಲ್ಲಿ ಕಿತ್ತಷ್ಟೂ ಗೆಣ್ಣುಗೆಣ್ಣಿಗೆ ಚಿಗುರುವ ಕರಿಕೆ ಹುಲ್ಲು ಅವಳಿಗೆ ಗೊತ್ತಿತ್ತು. "ಕರಕಿಗಿ ಕುಡುಗೋಲು ಹಾಕ್ತಾರೇನು ಯಾರರೆ? ಓದಿದಾಕಿ ನೀ!"

ಅಂದಿನಿಂದ ಅದರ ಹೆಸರು ನಮ್ಮಿಬ್ಬರ ನಡುವೆ ಕರಕಿಯೇ.

ಆಮೇಲೆ ಸರಿಯಾದ ದಾರಿ ಹಿಡಿದೆ. ಸುಣ್ಣವನ್ನು ಗಟ್ಟಿಯಾಗಿ ಕಲಸಿ ಇಂಜೆಕ್ಷನ್ ಸಿರಿಂಜಿಗೆ ತುಂಬಿ, ಅದು ಅರಳಿ ಮೈಮರೆತಿರುವಾಗ ನಡುಬಾಯಿಗೆ ಒಂದು ತೊಟ್ಟು ಇಡಬೇಕು. ಎಲೆ ಅಡಿಕೆಯ ಸುಣ್ಣದ ಡಬ್ಬಿ ಅಕ್ಕನ ಸೊಂಟದ ಚೀಲದಲ್ಲಿ ಸದಾ ಇರುತ್ತಿತ್ತು. ಸುಣ್ಣ ಅವಳದು, ಸಿರಿಂಜು ನನ್ನದು. ಭಾನುವಾರ ಅವಳಿಗೆ ಬೇರೆ ಮನೆಯ ಕೆಲಸವಿಲ್ಲ. ರೊಟ್ಟಿ ಬಡಿದು ಮುಗಿಸಿದವಳು ಕೈ ಒರೆಸಿಕೊಂಡು ಟಾರ್ಚು ಹಿಡಿದು ತೊಟ್ಟಿಯ ಪಕ್ಕ ನಿಲ್ಲುತ್ತಿದ್ದಳು.

"ಅಲ್ಲಿ ನೋಡು, ಬಲಕ್ಕ. ಕಳ್ಳ ಕುಂತಾನ. ನಿನ್ನ ನೆಳ್ಳು ಬೀಳಸಬ್ಯಾಡ. ಹಾಂ, ಈಗ! ಕುಡಿ ಮಗನ, ಕುಡಿ!"

ಸುಣ್ಣ ಬಾಯಿಗೆ ಬಿದ್ದೊಡನೆ ಅದು ಮುದುರಿ ಬೆಳ್ಳಗಾಗುತ್ತಿತ್ತು. ನಾವಿಬ್ಬರೂ ಪಂದ್ಯ ಗೆದ್ದವರಂತೆ ನೋಡಿಕೊಳ್ಳುತ್ತಿದ್ದೆವು. ಕಳೆಯನ್ನು ತಿನ್ನುತ್ತವೆಂದು ಅಂಗಡಿಯವನು ಕೊಟ್ಟ ಎರಡು ಕೆಂಪುಗೆರೆಯ ಸಿಗಡಿಗಳನ್ನೂ ಬಿಟ್ಟೆ. ಅವು ಮೀನಿಗೆ ಹಾಕಿದ ಕಾಳು ತಿಂದು ಕಲ್ಲಿನ ಕೆಳಗೆ ಮಲಗಿದವು. "ಸರಕಾರಿ ನೌಕರಿ ಸಿಕ್ಕಂಗ ಕುಂತಾವ ನೋಡು" ಎಂದು ಅಕ್ಕ ಆಡಿಕೊಂಡಳು.

ಒಂದು ಮಾತು ಒಪ್ಪಿಕೊಳ್ಳಬೇಕು. ಸುಣ್ಣ ಇಟ್ಟ ಕಡೆ ಸಾಯುತ್ತಿದ್ದವು, ಒಳಸಂದಿಯವು ಉಳಿಯುತ್ತಿದ್ದವು. ಮುಂದಿನ ಭಾನುವಾರಕ್ಕೆ ಮತ್ತೆ ನಾಲ್ಕು. ಆ ನಾಲ್ಕನ್ನು ಕಂಡಾಗ ನನಗೆ ಬೇಸರವಾಗುತ್ತಿರಲಿಲ್ಲ. ಕಳೆ ಪೂರ್ತಿ ಮುಗಿದರೆ ಅಕ್ಕ ಭಾನುವಾರ ಅಷ್ಟು ಹೊತ್ತು ನಿಲ್ಲುವುದಕ್ಕೆ ನೆಪವೇ ಇರುವುದಿಲ್ಲವಲ್ಲ ಅನ್ನಿಸುತ್ತಿತ್ತು.

ಡಿಸೆಂಬರ್ ಹೊತ್ತಿಗೆ ಅವು ಹಸಿರು ಗುಂಡಿಗಳ ಆ ದೊಡ್ಡ ಕಲ್ಲನ್ನೇ ಹಿಡಿದುಬಿಟ್ಟವು. ಗುಂಡಿಗಳ ಸಾಲಿನ ನಡುನಡುವೆ ಕಂದು ಎಳೆಗಳು. ಸಿರಿಂಜಿಗೆ ಜಾಗವಿರಲಿಲ್ಲ.

"ಕುದಿಸಿಬಿಡು" ಎಂದಳು ಅಕ್ಕ. "ಹೊರಸಿಗೆ ತಗಣಿ ಆದ್ರ ನಾವೇನ್ ಮಾಡ್ತೀವಿ? ಕುದಿನೀರು ಸುರೀತೀವಿ. ಮುಗೀತು. ತತ್ತಿ ಸೈತ ಉಳ್ಯಾಂಗಿಲ್ಲ."

ಒಂದು ವಾರ ಯೋಚಿಸಿದೆ. ಕಲ್ಲು ಒಂದು ಹೋದರೆ ಹೋಗಲಿ, ಉಳಿದ ತೊಟ್ಟಿ ಉಳಿಯುತ್ತದೆ. ಶಾಖಕ್ಕೆ ಜೀವಿ ಉಳಿಯುವುದಿಲ್ಲ, ಅಷ್ಟು ನನಗೆ ಗೊತ್ತಿತ್ತು. ಗೊತ್ತಿದೆ ಅನ್ನುವ ಕಾರಣಕ್ಕೇ ಚೆನ್ನೈಯವರನ್ನು ಕೇಳಲಿಲ್ಲ. ಯಾವುದು ಕಳೆ, ಅದರ ಬಣ್ಣವೇನು, ಎಳೆ ಎಷ್ಟು, ಮುಟ್ಟಿದರೆ ಹೇಗೆ ಮುದುರುತ್ತದೆ, ಇದನ್ನೆಲ್ಲ ಪರೀಕ್ಷೆಗೆ ಓದಿದ ಹಾಗೆ ಓದಿದ್ದೆ. ಅದರ ಪಕ್ಕ ಬೆಳೆದಿರುವುದು ಏನು ಎಂದು ಒಂದು ದಿನವೂ ಓದಿರಲಿಲ್ಲ. ಅದು ಒಳ್ಳೆಯದು ಎಂದು ಯಾರೋ ಹೇಳಿದ್ದರು, ಮುಗಿಯಿತು.

ಆ ಭಾನುವಾರ ಬಹಳ ಚಳಿ. ಕಿಟಕಿಗಳೆಲ್ಲ ಮುಚ್ಚಿದ್ದವು. ಅವ್ವನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ದೊಡ್ಡ ಅಲ್ಯುಮಿನಿಯಂ ಬೋಗುಣಿಯಲ್ಲಿ ಕಲ್ಲಿಟ್ಟು, ಅದು ಮುಳುಗುವಷ್ಟು ತೊಟ್ಟಿಯ ನೀರು ಹಾಕಿ ಗ್ಯಾಸಿನ ಮೇಲಿಟ್ಟೆ. ನೀರು ಕುದಿ ಬಂದಾಗ ಅಡುಗೆಮನೆಯಲ್ಲಿ ಉಪ್ಪುಪ್ಪು ವಾಸನೆ ಹಬ್ಬಿತು. ಅಷ್ಟರಲ್ಲಿ ಅಕ್ಕ ಬಂದಳು. ಮೂರು ದಿನದಿಂದ ಅವಳಿಗೆ ನೆಗಡಿ. ಮೂಗು ಕಟ್ಟಿ ಮಾತು ಗೊಣಗೊಣ ಬರುತ್ತಿತ್ತು.

"ಕುದಸಾಕ ಇಟ್ಟಿ? ಚಲೋ ಆತು." ಬೋಗುಣಿಯ ಹತ್ತಿರ ಮುಖ ತಂದು ಮೂಸಿದಳು. "ಏನೂ ನಾತ ಬರವಲ್ದು ನನಗ. ಮೂಗ ಇಲ್ಲ. ಇದು ಸಮುದ್ರದ ಉಪ್ಪಲ್ಲಾ?"

"ಹೌದ್ರಿ."

"ಹಂಗಾದ್ರ ಬಿಡಬ್ಯಾಡ. ಉಪ್ಪುನೀರಿನ ಉಗಿ ತಗೊಂಡ್ರ ಎದಿ ಬಿಚ್ಚತದ. ಡಾಕ್ಟರೂ ಹೇಳ್ತಾರ. ಇಷ್ಟು ನೀರು ಸುಮ್ನ ಹಾಳ ಹೋಗೂದು, ತಗಿ ಕೆಳಗ."

ನಾನು ಬೋಗುಣಿಯನ್ನು ಕೆಳಗಿಳಿಸಿದೆ. ಅವಳು ಮಣೆ ಎಳೆದುಕೊಂಡು ಅದರ ಮುಂದೆ ಕೂತಳು. "ಒಂದು ಚಾದರ ಕೊಡು, ದಪ್ಪಂದು" ಎಂದಳು. ಸೋಲಾಪುರದ ಚಾದರ ತಂದೆ. ತಲೆಯ ಮೇಲಿಂದ ಬೋಗುಣಿ ಸಮೇತ ಹೊದಿಸಿದೆ. ಉಗಿ ಹೊರಗೆ ಹೋಗದ ಹಾಗೆ ಅಂಚುಗಳನ್ನು ನೆಲಕ್ಕೆ ಒತ್ತಿದೆ. ನಾನು ಸಣ್ಣವಳಿದ್ದಾಗ ಅವ್ವ ನನಗೆ ಹೇಳುತ್ತಿದ್ದ ಹಾಗೆಯೇ, "ಬಾಯಿ ತೆರದು ಉಸಿರು ತಗೊಳ್ರಿ ಅಕ್ಕಾ" ಎಂದೆ.

ಬಾಯಿ ತೆರೆದು ಎಂದು ಹೇಳಿದವಳು ನಾನು.

ನಾನು ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ತೆಗೆದೆ. ಮಡಿಸಿಟ್ಟೆ. ಎಷ್ಟು ಬಟ್ಟೆ ಎಂದು ಈಗಲೂ ಎಣಿಸುತ್ತೇನೆ. ಎರಡು ಸೀರೆ, ಮೂರು ಕುರ್ತಾ, ಟವೆಲ್ಲು, ದಿಂಬಿನ ಚೀಲಗಳು. ಎಂಟು ನಿಮಿಷ ಇರಬಹುದು, ಹತ್ತು ಇರಬಹುದು. ಒಂದೊಂದು ದಿನ ಐದೇ ನಿಮಿಷ ಅನ್ನಿಸುತ್ತದೆ. ದಿಂಬಿನ ಚೀಲ ಮಡಿಸದೆ ಬಂದಿದ್ದರೆ ಎಷ್ಟು ಕಡಿಮೆಯಾಗುತ್ತಿತ್ತು ಎಂದು ಲೆಕ್ಕ ಹಾಕುತ್ತೇನೆ.

ಒಳಗೆ ಬಂದಾಗ ಅಕ್ಕ ಚಾದರ ಸರಿಸಿ ಕೂತಿದ್ದಳು. ಮುಖ ಬೆವತು ಕೆಂಪಾಗಿತ್ತು, ಕಣ್ಣಲ್ಲಿ ನೀರು.

"ಮೂಗು ಬಿಚ್ಚಿತು. ಆದ್ರ ಬಾಯಾಗ ಏನೋ ಕಹಿ ಬಂತಲ್ಲ ತಂಗಿ. ತಾಮ್ರದ ಬಿಲ್ಲಿ ಇಟ್ಟಂಗ."

"ಉಪ್ಪಿಂದ ಇರಬೇಕ್ರಿ" ಎಂದೆ. ನನ್ನ ನಾಲಿಗೆಯ ಮೇಲೂ ಆ ರುಚಿ ಇತ್ತು. ಅದನ್ನು ಹೇಳಲಿಲ್ಲ.

ಅಕ್ಕ ಹಿಟ್ಟು ನಾದಿ ರೊಟ್ಟಿಗೆ ನಿಂತಳು. ನಾನು ಹೊರಕೋಣೆಯಲ್ಲಿ ತೊಟ್ಟಿಯ ಗಾಜು ಒರೆಸುತ್ತಿದ್ದೆ. ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಒಂದು ರೊಟ್ಟಿಯಾಯಿತು. ಎರಡನೆಯದು ಬಡಿಯುತ್ತ ನಡುವೆ ನಿಂತಿತು. ಕಾದೆ. ಮತ್ತೆ ಸದ್ದು ಬರಲಿಲ್ಲ. ಹೋಗಿ ನೋಡಿದರೆ ಅವಳು ಕಟ್ಟೆ ಹಿಡಿದುಕೊಂಡು ನಿಂತಿದ್ದಾಳೆ. ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿದೆ. ಹಲ್ಲು ಕಟಕಟ ಅನ್ನುತ್ತಿವೆ.

"ಚಳಿ ಬಂತು. ಎದಿ ಹಿಡದದ. ಕಾಲಾಗ ಇರಿವಿ ಹರದಂಗ ಆಗಾಕತ್ತದ."

ಜ್ವರ ಎಂದುಕೊಂಡೆ. ಹಾಸಿಗೆಯ ಮೇಲೆ ಮಲಗಿಸಿ, ಅದೇ ಚಾದರ ಹೊದಿಸಿ, ಜ್ವರದ ಮಾತ್ರೆ ಕೊಟ್ಟೆ. ಚಹಾ ಮಾಡಿದೆ, ಆ ಅಡುಗೆಮನೆಯಲ್ಲೇ, ಬೋಗುಣಿ ಇನ್ನೂ ಹೊಗೆಯಾಡುತ್ತಿದ್ದಾಗಲೇ. ನನಗೂ ಕೆಮ್ಮು ಬಂತು. ಅರ್ಧ ಗಂಟೆ ಹೀಗೆ ಹೋಯಿತು. ಆ ಅರ್ಧ ಗಂಟೆ ನನ್ನದು, ಅದನ್ನು ಬೇರೆ ಯಾರ ಮೇಲೂ ಹಾಕಲಾರೆ. ಆಮೇಲೆ ಅಕ್ಕ ಎದ್ದು ಕೂತಳು. ಮಲಗಿದರೆ ಉಸಿರು ಬರುವುದಿಲ್ಲ ಎಂದು ಕೈಸನ್ನೆ ಮಾಡಿದಳು. ಮಾತು ಹೊರಡಲಿಲ್ಲ. ಮಾತು ಹೊರಡದ ಅಕ್ಕನನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಗ ಹೆದರಿದೆ.

ಮೂರು ಮಹಡಿ ಇಳಿಸುವಾಗ ಪ್ರತಿ ತಿರುವಿನಲ್ಲೂ ಕೂರಿಸಬೇಕಾಯಿತು. ಕಾವಲುಗಾರ ರಿಕ್ಷಾ ತಂದ. ರಿಕ್ಷಾದಲ್ಲಿ ಅವಳ ತಲೆ ನನ್ನ ಭುಜದ ಮೇಲಿತ್ತು. ಒಂದೊಂದು ಉಸಿರಿಗೂ ಎದೆಯೊಳಗೆ ಸಿಳ್ಳೆ ಹೊಡೆದಂಥ ಸದ್ದು. ನಾನು ಸದ್ದು ಲೆಕ್ಕ ಹಾಕುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಎರಡು ಸದ್ದಿನ ನಡುವಿನ ಅಂತರ ಹೆಚ್ಚಾಯಿತು ಅನ್ನಿಸಿ, "ಅಕ್ಕಾ" ಎಂದು ಕೂಗಿದೆ. ರಿಕ್ಷಾದವನು ಹೆದರಿ ಸಿಗ್ನಲ್ ದಾಟಿಬಿಟ್ಟ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆಮ್ಲಜನಕ ಹಾಕಿದ ಮೇಲೆ ಡ್ಯೂಟಿಯಲ್ಲಿದ್ದ ಡಾಕ್ಟರ್, ಚಿಕ್ಕ ವಯಸ್ಸಿನ ಹುಡುಗಿ, ಮರಾಠಿಯಲ್ಲಿ ನನ್ನನ್ನು ಕೇಳಿದಳು, ಏನು ತಿಂದರು, ಏನು ಕುಡಿದರು ಎಂದು.

"ದಗಡ್ ಉಕಳ್ಲಾ ಹೋತಾ" ಎಂದೆ. ಕಲ್ಲು ಕುದಿಸಿದ್ದೆ.

"ದಗಡ್?" ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಕಶಾಲಾ?"

ಕಲ್ಲನ್ನು ಯಾಕೆ ಕುದಿಸಿದಿರಿ ಅನ್ನುವ ಆ ಪ್ರಶ್ನೆಗೆ ನಾನು ನಿಂತಲ್ಲೇ ಉತ್ತರ ಹುಡುಕಿದೆ. ಮೀನಿನ ತೊಟ್ಟಿ, ಕಳೆ, ಅನೆಮೊನಿ, ಉಗಿ. ನನ್ನ ಕಿವಿಗೇ ಹುಚ್ಚು ಮಾತಿನ ಹಾಗೆ ಕೇಳಿಸಿತು. ಅವಳು ಅರ್ಧ ಬರೆದುಕೊಂಡು ಒಳಗೆ ಹೋದಳು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಹುಡುಕಿದೆ. ಸಮುದ್ರದ ಕಲ್ಲು, ಕುದಿಸುವುದು, ಉಸಿರಾಟ. ಐದು ನಿಮಿಷವೂ ಬೇಕಾಗಲಿಲ್ಲ. ಕಂದು ಕಳೆಯಲ್ಲಿ ಅಂಥದ್ದೇನೂ ಇಲ್ಲ. ವಿಷ ಇರುವುದು ಆ ಗುಂಡಿಯಂಥ ಹೂವುಗಳ ಕೆಲವು ಜಾತಿಯಲ್ಲಿ. ಕುದಿಸಿದರೆ ವಿಷ ಸಾಯುವುದಿಲ್ಲ, ಹಬೆಯ ಸಣ್ಣ ಹನಿಗಳ ಜೊತೆ ಗಾಳಿಗೆ ಏರುತ್ತದೆ. ಬಾಯಿಯಲ್ಲಿ ಲೋಹದ ರುಚಿ, ಚಳಿ, ಕಾಲು ಜುಮ್ಮೆನ್ನುವುದು, ಎದೆ ಬಿಗಿಯುವುದು. ಒಂದೊಂದಾಗಿ ಓದಿದೆ. ತೊಟ್ಟಿ ಸಾಕುವವರಲ್ಲಿ ಹಲವರಿಗೆ ಗೊತ್ತಿದ್ದ ಮಾತು. ಕಲ್ಲನ್ನು ಎಂದೂ ಕುದಿಸಬೇಡಿ ಎಂದು ಸಿಕ್ಕಸಿಕ್ಕಲ್ಲಿ ಬರೆದಿದ್ದರು.

ಓಡಿಹೋಗಿ ಆ ಡಾಕ್ಟರಿಗೆ ತೋರಿಸಿದೆ. ಅವಳು ನಿಂತು ಪೂರ್ತಿ ಓದಿದಳು, ನಗಲಿಲ್ಲ. ಹಿರಿಯರಿಗೆ ಫೋನ್ ಮಾಡಿದಳು. ಇದಕ್ಕೆ ಮದ್ದು ಅಂತ ಇಲ್ಲ, ಉಸಿರಿಗೆ ಆಸರೆ ಕೊಟ್ಟು ಹೃದಯದ ಮೇಲೆ ಕಣ್ಣಿಟ್ಟು ಕಾಯಬೇಕು ಎಂದು ಹೇಳಿದಳು. ನನ್ನ ಮೈಯೂ ಸುಡುತ್ತಿತ್ತು. ನನ್ನನ್ನೂ ಒಂದು ಮಂಚದ ಮೇಲೆ ಕೂರಿಸಿ ಪರೀಕ್ಷೆ ಮಾಡಿ, ಸಂಜೆ ಬಿಟ್ಟರು.

ಅಕ್ಕನ ಗಂಡ ಕೆಲಸದ ಜಾಗದಿಂದ ನೇರವಾಗಿ ಬಂದ. ಪಾದದ ಮೇಲೆ ಸಿಮೆಂಟು ಒಣಗಿತ್ತು. ಗಾಜಿನ ಬಾಗಿಲಿನಿಂದ ಒಳಗೆ ನೋಡಿ, ನನ್ನ ಕಡೆ ತಿರುಗಿದ.

"ಮುಂಜಾನೆ ನೆಗಡಿ ಒಂದಾ ಇತ್ತಲ್ರಿ. ಏನಾತ್ರಿ ಬಾಯಾರ?"

"ಉಗಿ ತಗೊಂಡ್ರು. ಅದು ಆಗಿ ಬರಲಿಲ್ಲ" ಎಂದೆ.

ಅಷ್ಟೇ ಹೇಳಿದೆ. ಅದೇ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತಿನ ಹಿಂದೆ ಮರಾಠಿಯಲ್ಲಿ ಪೂರ್ತಿ ನಿಜ ಹೇಳಿದ್ದೆ. ಕನ್ನಡದಲ್ಲಿ ಅರ್ಧ ಹೇಳಿದೆ. ಅವನು ತಲೆ ಅಲ್ಲಾಡಿಸಿ, "ನೀವು ಇದ್ರಿ ಚಲೋ ಆತು. ನಮ್ಮ ಖೋಲ್ಯಾಗ ಒಬ್ಬಾಕೇ ಇದ್ದಿದ್ರ ಏನು ಗತಿ" ಎಂದ. ನನಗೆ ಚಹಾ ತಂದುಕೊಟ್ಟ. ಕುಡಿದೆ.

ಎರಡು ದಿನ ಅವಳು ಗಾಜಿನ ಆಚೆ ಇದ್ದಳು. ಮೂರನೆಯ ದಿನ ಉಸಿರಿನ ಕೊಳವೆ ತೆಗೆದರು.

ಆ ಭಾನುವಾರದ ಮಾರನೇ ದಿನ ನಾನು ಮೂಗು ಬಾಯಿ ಕಟ್ಟಿಕೊಂಡು ಮನೆಗೆ ಹೋಗಿ ಎಲ್ಲ ಕಿಟಕಿ ತೆರೆದಿದ್ದೆ. ಬೋಗುಣಿ ಅಲ್ಲೇ ಇತ್ತು. ನೀರು ಬೂದಿ ಬಣ್ಣಕ್ಕೆ ತಿರುಗಿತ್ತು, ಗುಂಡಿಗಳು ಬೆಂದು ಸಿಪ್ಪೆಯಂತೆ ಕಲ್ಲಿನಿಂದ ಸುಲಿದಿದ್ದವು. ಕೈಗವಸು ಹಾಕಿ ಬ್ಲೀಚ್ ಸುರಿದು ಬೆನ್ನು ತಿರುಗಿಸಿದೆ. ಹೊರಕೋಣೆಯಲ್ಲಿ ತೊಟ್ಟಿಯ ದೀಪ ಉರಿಯುತ್ತಿತ್ತು. ಗಾಜಿನ ಮೂಲೆಯಲ್ಲಿ, ಪಂಪಿನ ಕೊಳವೆಯ ಮೇಲೆ, ಕಂದು ಎಳೆಗಳನ್ನು ಚಾಚಿ ಮೂರು ಹೊಸವು ಅರಳಿದ್ದವು. ವಾರದೊಳಗೆ ಅಂಗಡಿಯವನು ಬಂದು ಎಚ್ಚರಿಕೆಯಿಂದ ಎಲ್ಲವನ್ನೂ ಬಿಚ್ಚಿ ಮೀನುಗಳ ಸಮೇತ ಒಯ್ದ. ಪಂಪಿನ ಸದ್ದು ಇಲ್ಲದ ಮನೆ ಮತ್ತೆ ಮೊದಲಿನ ಹಾಗಾಯಿತು.

ಅಕ್ಕ ಆಸ್ಪತ್ರೆಯಿಂದ ಹೋದ ನಾಲ್ಕು ದಿನಕ್ಕೆ ಅವಳ ಖೋಲಿಗೆ, ಆ ಒಂದೇ ಕೋಣೆಯ ಮನೆಗೆ, ಹೋದೆ. ಗೋಡೆಗೆ ದಿಂಬು ಒರಗಿಸಿ ಕೂತಿದ್ದಳು. ಗಂಡ ಬಾಗಿಲ ಬಳಿ ಚಹಾ ಸೋಸುತ್ತಿದ್ದ. ನನ್ನನ್ನು ನೋಡಿದವಳೇ ಅಕ್ಕ ಕೈ ಮುಗಿದಳು.

"ತಂಗಿ, ನಂದ ತಪ್ಪವ್ವಾ. ನಿನ್ನ ಕಲ್ಲಿನ ನೀರಿಗೆ ನಾ ಯಾಕ ಮಾರಿ ಕೊಡಬೇಕಿತ್ತು? ಯಾವ ದೇವರ ಕಲ್ಲಿತ್ತೋ ಏನೋ. ನಿನ್ನ ಕೆಲಸನೂ ಕೆಡಿಸಿದೆ."

ಅವಳ ಒಂದು ವಾಕ್ಯಕ್ಕೆ ಮೂರು ಸಲ ಉಸಿರು ಬೇಕಾಯಿತು. ಅವಳ ಮುಗಿದ ಕೈ ನೋಡಿಕೊಂಡು ಸುಮ್ಮನಿರಬಹುದಾಗಿತ್ತು. ಕುದಿಸು ಎಂದವಳು ಅವಳು, ಉಗಿ ಕೇಳಿದವಳೂ ಅವಳೇ. ಹಾಗೆ ಹೇಳಿಕೊಂಡು ಬದುಕಬಹುದು ಎಂದು ಆ ಹದಿನೈದು ದಿನದಲ್ಲಿ ನನಗೆ ಅನ್ನಿಸಿರಲಿಲ್ಲ ಅಂದರೆ ಸುಳ್ಳು.

"ಅಲ್ರಿ ಅಕ್ಕಾ. ತಪ್ಪು ನಂದು" ಎಂದೆ. "ಆ ಗುಂಡಿ ಹೂವಿದ್ವಲ್ಲ, ನೀವು ಚಂದ ಅಂತಿದ್ರಿ, ಅದರಾಗ ವಿಷ ಇತ್ತು. ಕುದಿಸಿದ್ರ ಅದು ಉಗಿ ಜೋಡಿ ಬರ್ತದ. ನಾ ಅದನ್ನ ನಿಮ್ಮ ಮಾರಿಗೆ ಹಿಡದೆ. ಮ್ಯಾಲ ಚಾದರ ಹೊಚ್ಚಿದೆ."

ಸೋಸುವ ಸದ್ದು ನಿಂತಿತು.

"ನಿನಗ ಗೊತ್ತಿತ್ತೇನು?"

"ಇಲ್ರಿ."

"ಮತ್ತ?"

"ಗೊತ್ತು ಮಾಡ್ಕೊಬೇಕಿತ್ತು. ದವಾಖಾನ್ಯಾಗ ಕುಂತು ಐದು ನಿಮಿಷದಾಗ ಗೊತ್ತಾತು. ಮನ್ಯಾಗ ನಾ ನೋಡಲಿಲ್ಲ."

ಅಕ್ಕ ತನ್ನ ಸೆರಗಿನ ಅಂಚು ತಿಕ್ಕಿದಳು. ಆಮೇಲೆ ಕೇಳಿದಳು.

"ನಿನ್ನ ಕಾರ್ಖಾನ್ಯಾಗೂ ಹಿಂಗ ಏನೇನರೆ ಕುದಸ್ತಿ, ಅಲ್ಲೇನು?"

"ಹೌದ್ರಿ. ಅಲ್ಲಿ ಗಾಜಿನ ಪೆಟಗಿ ಅದ. ಅದರಾಗಿಟ್ಟು ಕುದಸೂದು. ಹೊಗಿ ಎಲ್ಲಾ ಮ್ಯಾಲೆ ಎಳಕೊಂಡು ಹೋಗ್ತದ."

"ಅಲ್ಲಿ ಪೆಟಗಿ ಅದ" ಎಂದಳು ಅಕ್ಕ. "ಇಲ್ಲಿ ನಾ ಇದ್ದೆ."

ಬೈದ ಹಾಗಿರಲಿಲ್ಲ ಅದು. ಯಾವುದು ಎಲ್ಲಿದೆ ಎಂದು ಹೇಳುವ ಹಾಗೆ ಹೇಳಿದಳು. ಅವಳ ಗಂಡ ಚಹಾ ತಂದು ನನ್ನ ಮುಂದಿಟ್ಟ, ನನ್ನ ಮುಖ ನೋಡದೆ ಹೊರಗೆ ಹೋಗಿ ಬೀಡಿ ಹಚ್ಚಿದ. ಹಚ್ಚಿದವನೇ ಒಳಗೆ ಕೆಮ್ಮು ಕೇಳಿ ದೂರ ನಡೆದು ಹೋದ. ಚಹಾದ ಮೇಲೆ ಕೆನೆ ಕಟ್ಟಿತು.

"ಕರಕಿ ಸತ್ತಿತೇನು?" ಎಂದು ಅಕ್ಕನೇ ಕೇಳಿದಳು.

"ಇಲ್ರಿ. ಮತ್ತ ಮೂರು ಬಂದಿದ್ವು."

ಅವಳಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ನಾನು ಬೆನ್ನು ತಟ್ಟಲು ಹೋದೆ. ಅವಳು ಕೈ ಅಡ್ಡ ತಂದು ತಡೆದಳು, ತಾನೇ ಗೋಡೆ ಹಿಡಿದು ಸುಧಾರಿಸಿಕೊಂಡಳು. ಆ ಕೈ ಅಡ್ಡ ಬಂದದ್ದು ಉಸಿರು ಕಟ್ಟಿದ್ದಕ್ಕೋ, ನನ್ನನ್ನು ದೂರ ಇಡುವುದಕ್ಕೋ, ತಿಳಿಯಲಿಲ್ಲ.

ಅವಳಿಗೆ ಈಗ ಒಲೆಯ ಮುಂದೆ ನಿಲ್ಲಲು ಆಗುವುದಿಲ್ಲ. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ಸಾಕು, ಎದೆ ಕಟ್ಟುತ್ತದೆ. ಐದು ಮನೆಯ ಅಡುಗೆ ಮಾಡುತ್ತಿದ್ದವಳು ಒಂದು ಮನೆಯದೂ ಮಾಡಲಾರಳು. ಪುಣೆಯ ಧೂಳಿನಲ್ಲಿ ಇರುವುದು ಬೇಡ ಎಂದು ಡಾಕ್ಟರೂ ಹೇಳಿದರು. ಹೋಳಿ ಮುಗಿದ ಮೇಲೆ ಯಾದಗಿರಿ ಕಡೆ ತಂಗಿಯ ಮನೆಗೆ ಹೋದಳು. ಅವಳ ಸ್ವಂತ ತಂಗಿ. ಗಂಡ ಇಲ್ಲೇ ಉಳಿದ. ಹೋಗುವ ದಿನ ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಅಕ್ಕ ಕಿಟಕಿಯ ಪಕ್ಕ ಕೂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. "ಫೋನ್ ಮಾಡು" ಎಂದಳು. ಬಸ್ಸಿನ ಹೊಗೆಗೆ ಬೇರೆ ಮಾತು ಆಗಲಿಲ್ಲ.

ನಾನು ರೊಟ್ಟಿ ಕಲಿಯಲಿಲ್ಲ. ಬೇರೆ ಯಾರನ್ನೂ ಅಡುಗೆಗೆ ಇಟ್ಟುಕೊಳ್ಳಲಿಲ್ಲ. ಬೆಳಗ್ಗೆ ಏಳರಿಂದ ಎಂಟೂವರೆಯವರೆಗೆ ಮನೆಯಲ್ಲಿ ಯಾವ ಭಾಷೆಯೂ ಇರುವುದಿಲ್ಲ. ಲ್ಯಾಬಿನಲ್ಲಿ ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬೀಕರಿನಲ್ಲಿ ಆಮ್ಲ ಕುದಿಯುವುದನ್ನು ನೋಡುವಾಗ ಅದರ ಗಾಜಿನ ಬಾಗಿಲು ಪೂರ್ತಿ ಇಳಿದಿದೆಯೇ ಎಂದು ಎರಡೆರಡು ಸಲ ಒತ್ತಿ ನೋಡುತ್ತೇನೆ. ಪಕ್ಕದವರು ಕೇಳಿದರೆ ಅಭ್ಯಾಸ ಎನ್ನುತ್ತೇನೆ.

ಭಾನುವಾರ ಅಕ್ಕನಿಗೆ ಫೋನ್ ಮಾಡುತ್ತೇನೆ. ಅವಳು ಹೇಳುವುದು ಹೆಚ್ಚೇನೂ ಇರುವುದಿಲ್ಲ. ತಂಗಿಯ ಮನೆಯ ಎಮ್ಮೆ, ಬಾರದ ಕರೆಂಟು. ನಾನು ಕೇಳುವುದು ಮಾತನ್ನಲ್ಲ. ಒಂದು ಉಸಿರಿಗೆ ಎಷ್ಟು ದೂರ ಹೋಗುತ್ತಾಳೆ ಎಂದು ಕೇಳುತ್ತೇನೆ. ಮೊದಲ ತಿಂಗಳು ಎರಡು ಮಾತಿಗೆ ನಿಲ್ಲುತ್ತಿದ್ದಳು. ಈಗ ನಾಲ್ಕೈದು ಆಗುತ್ತವೆ.

ಕಳೆದ ಭಾನುವಾರ ಉಂಡೆಯಾ ಎಂದು ಕೇಳಿದಳು. ಬ್ರೆಡ್ ತಿಂದೆ ಎಂದೆ. ಅವಳಿಗೆ ಸಿಟ್ಟು ಬಂತು.

"ಬ್ರೆಡ್ ತಿಂದು ಬದುಕ್ತಾರೇನು? ಇಷ್ಟು ಓದಿದಾಕಿಗಿ ಎರಡು ರೊಟ್ಟಿ ಬಡಿಯಾಕ ಬರೂದಿಲ್ಲಂದ್ರ ಏನು ಹೇಳಬೇಕು, ನಾ ಇದ್ದಾಗ ಕಲಿ ಅಂದ್ರ ಆ ಮೀನಿನ ಮುಂದ ಕುಂತಿ, ಈಗ ನೋಡು..."

ಅಷ್ಟು ಉದ್ದ ಒಂದೇ ಉಸಿರಿನಲ್ಲಿ ಬಂದದ್ದು ಅದೇ ಮೊದಲು. ಅಲ್ಲಿಗೆ ತಡೆಯಿತು. ಕೆಮ್ಮು ಬರಲಿಲ್ಲ, ಮಾತೂ ಬರಲಿಲ್ಲ. ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಎದ್ದು ನಿಂತೆ. ಆಮೇಲೆ ದೂರದಿಂದ, ಸಿಳ್ಳೆಯಂಥ ಸಣ್ಣ ಸದ್ದಿನೊಂದಿಗೆ, ಉಸಿರು ಒಳಗೆ ಹೋಯಿತು.

"ಇದ್ದೀಯೇನು?" ಎಂದಳು ಅಕ್ಕ.

"ಇದೀನ್ರಿ" ಎಂದೆ.